ಕೆಳಗೆ ಮಳಿಗೆ, ಮೇಲೆ ಮನೆ: ದೊಡ್ಡ ಮಿಶ್ರ ಕಟ್ಟಡವನ್ನು ಮಾರುವ ಬಗೆ

ನೆಲಮಹಡಿಯಲ್ಲಿ ಸಾಲು ಮಳಿಗೆಗಳು, ಮೊದಲ ಮಹಡಿಯಲ್ಲಿ ಎರಡು ಮೂರು ಕಚೇರಿಗಳು, ಅವುಗಳ ಮೇಲೆ ಮನೆಗಳು. ಇಂಥ ಕಟ್ಟಡವನ್ನು ಮಾರಲು ಹೊರಟ ಮಾಲೀಕರು ಮೊದಲು ಕೇಳುವುದು ‘ಚದರಡಿಗೆ ಎಷ್ಟು ಸಿಗಬಹುದು?’ ಎಂದು. ಒಂಟಿ ಮನೆಗೋ ಖಾಲಿ ನಿವೇಶನಕ್ಕೋ ಆ ಪ್ರಶ್ನೆ ಸಾಕು. ಇಪ್ಪತ್ತು ಮೂವತ್ತು ಬಾಡಿಗೆದಾರರಿರುವ ಕಟ್ಟಡಕ್ಕೆ ಸಾಲದು. ಅದನ್ನು ಕೊಳ್ಳಲು ಬರುವವರು ಗೋಡೆ ತಟ್ಟಿ ನೋಡುವುದಕ್ಕೂ ಮೊದಲು ಬಾಡಿಗೆಯ ಲೆಕ್ಕ ಕೇಳುತ್ತಾರೆ. ಯಾರಿದ್ದಾರೆ, ಎಷ್ಟು ಕೊಡುತ್ತಾರೆ, ಎಲ್ಲಿಯವರೆಗೆ ಇರುತ್ತಾರೆ, ಅದಕ್ಕೆ ಕಾಗದವೇನಿದೆ? ಈ ನಾಲ್ಕಕ್ಕೂ ಉತ್ತರ ಸಿದ್ಧವಿಟ್ಟುಕೊಂಡವರಿಗೆ ಸಿಗುವ ಬೆಲೆಯೇ ಬೇರೆ, ತಡವರಿಸುವವರಿಗೆ ಸಿಗುವ ಬೆಲೆಯೇ ಬೇರೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ, ಮಾರಾಟಕ್ಕಿದೆ ಎಂದು ಯಾರಿಗೂ ಹೇಳುವ ಮುಂಚೆ ಮಾಡಬೇಕಾದ ಕೆಲಸದ ಕುರಿತೇ ಇದೆ. ಸಾಧ್ಯವಾದರೆ ಒಂದು ವರ್ಷ ಮೊದಲೇ ಶುರು ಮಾಡಿ.

ಕಾನೂನು, ತೆರಿಗೆ, ನೋಂದಣಿಯ ರೀತಿ ದೇಶದಿಂದ ದೇಶಕ್ಕೆ ಬೇರೆ. ಅವುಗಳಿಗೆ ಆಯಾ ಊರಿನ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕೇಳಲೇಬೇಕು. ಕೆಲಸದ ಕ್ರಮ ಮಾತ್ರ ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ.

1. ಮೊದಲು ಹಕ್ಕಿನ ಕಾಗದಗಳು

ದೊಡ್ಡ ಆಸ್ತಿಗೆ ಒಬ್ಬರೇ ಒಡೆಯರಿರುವುದು ಅಪರೂಪ. ಒಡಹುಟ್ಟಿದವರು, ಪಾಲುದಾರರು, ಒಂದು ಕಂಪನಿ, ಒಂದು ಟ್ರಸ್ಟ್, ಹೀಗೆ ಹಕ್ಕು ಹಂಚಿಹೋಗಿರುತ್ತದೆ. ಸಹಿ ಹಾಕಬೇಕಾದವರೆಲ್ಲರ ಹೆಸರು ಬರೆದಿಟ್ಟು, ಪ್ರತಿಯೊಬ್ಬರಿಂದಲೂ ಎರಡು ವಿಷಯಗಳಿಗೆ ಲಿಖಿತ ಒಪ್ಪಿಗೆ ಪಡೆಯಿರಿ. ಒಂದು, ಮಾರಲು ಒಪ್ಪಿಗೆ. ಇನ್ನೊಂದು, ಇಷ್ಟಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಕನಿಷ್ಠ ಬೆಲೆ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಕೊಳ್ಳುವವರು ಬೆಲೆ ಹೇಳಿದ ದಿನ ಪಾಲುದಾರರಲ್ಲಿ ಒಬ್ಬರು ‘ನಾನು ಇನ್ನೂ ಹೆಚ್ಚು ಅಂದುಕೊಂಡಿದ್ದೆ’ ಎಂದರೆ ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ. ದೂರದಲ್ಲಿರುವವರು, ವಯಸ್ಸಾದವರು ಇದ್ದರೆ ಅಧಿಕಾರಪತ್ರವನ್ನು ಈಗಲೇ ಮಾಡಿಸಿ. ಅದರಲ್ಲಿ ಮಾರುವ ಅಧಿಕಾರದ ಜತೆಗೆ ಹಣ ಪಡೆಯುವ ಅಧಿಕಾರ ಯಾರದು ಎಂಬುದೂ ಸ್ಪಷ್ಟವಾಗಿರಲಿ.

ಆಮೇಲೆ ಸಾಲ. ಕಟ್ಟಡದ ಮೇಲೆ ಅಡಮಾನವಿದ್ದರೆ ಬಾಕಿ ಎಷ್ಟು, ಅವಧಿಗೆ ಮುಂಚೆ ತೀರಿಸಿದರೆ ದಂಡವೆಷ್ಟು, ಮೂಲಪತ್ರಗಳನ್ನು ಎಷ್ಟು ದಿನಗಳಲ್ಲಿ ಹಿಂದಿರುಗಿಸುತ್ತಾರೆ ಎಂದು ಸಾಲ ಕೊಟ್ಟವರಿಂದ ಬರಹದಲ್ಲಿ ತರಿಸಿಕೊಳ್ಳಿ. ವಾಣಿಜ್ಯ ಸಾಲಗಳಲ್ಲಿ ಈ ದಂಡ ಕೆಲವೊಮ್ಮೆ ಮಾರಾಟದ ತಿಂಗಳನ್ನೇ ಬದಲಿಸುವಷ್ಟು ದೊಡ್ಡದಿರುತ್ತದೆ. ಹಳೆಯ ಸಾಲ ತೀರಿದ್ದರೂ ದಾಖಲೆಯಲ್ಲಿ ಅದರ ಋಣಭಾರ ಹಾಗೆಯೇ ಉಳಿದಿರಬಹುದು. ಅದನ್ನೂ ತೆಗೆಸಿ. ಪಕ್ಕದವರಿಗೆ ದಾರಿಯ ಹಕ್ಕು, ಚರಂಡಿಯ ಹಕ್ಕು ಬಿಟ್ಟುಕೊಟ್ಟಿದ್ದರೆ ಆ ಪತ್ರವನ್ನು ಹುಡುಕಿ ಜತೆಗಿಡಿ. ಗಡಿಯ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಹೊಸದಾಗಿ ಅಳತೆ ಮಾಡಿಸಿ.

2. ಬಾಡಿಗೆ ಪಟ್ಟಿ

ಇಡೀ ಮಾರಾಟ ನಿಂತಿರುವುದು ಈ ಒಂದು ಪಟ್ಟಿಯ ಮೇಲೆ. ಪ್ರತಿ ಮಳಿಗೆ, ಪ್ರತಿ ಕಚೇರಿ, ಪ್ರತಿ ಮನೆಗೂ ಒಂದು ಸಾಲು. ಅದರಲ್ಲಿ ಬಾಡಿಗೆದಾರರ ಹೆಸರು, ವಿಸ್ತೀರ್ಣ, ಈಗಿನ ಬಾಡಿಗೆ, ಕರಾರು ಆರಂಭವಾದ ದಿನ, ಮುಗಿಯುವ ದಿನ, ಮುಂದಿನ ಏರಿಕೆ ಯಾವಾಗ ಮತ್ತು ಎಷ್ಟು, ಕೈಯಲ್ಲಿರುವ ಮುಂಗಡ ಠೇವಣಿ, ಬಾಕಿ, ನೀರು ಮತ್ತು ವಿದ್ಯುತ್ತಿನ ಹಣ ಯಾರು ಕಟ್ಟುತ್ತಾರೆ ಎಂಬುದು. ಖಾಲಿ ಇರುವ ಭಾಗಕ್ಕೂ ಒಂದು ಸಾಲು ಬೇಕು, ಎಷ್ಟು ತಿಂಗಳಿಂದ ಖಾಲಿ ಎಂಬ ಟಿಪ್ಪಣಿಯೊಂದಿಗೆ. ಈ ಪಟ್ಟಿಯ ಒಟ್ಟು ಮೊತ್ತ ನಿಮ್ಮ ಬ್ಯಾಂಕ್ ಖಾತೆಗೆ ಬಂದ ಹಣಕ್ಕೆ ತಾಳೆಯಾಗಬೇಕು. ಕೊಳ್ಳುವವರ ಲೆಕ್ಕಿಗರು ಮೊದಲು ಮಾಡುವ ಪರೀಕ್ಷೆಯೇ ಅದು.

ಪಟ್ಟಿ ಬರೆಯಲು ಕುಳಿತಾಗಲೇ ಹುಳುಕುಗಳು ಕಾಣಿಸುತ್ತವೆ. ಮೂಲೆಯ ಅಂಗಡಿಯ ಕರಾರು ಮುಗಿದು ಮೂರು ವರ್ಷವಾಗಿದೆ, ಬಾಯಿಮಾತಿನ ಮೇಲೆ ನಡೆಯುತ್ತಿದೆ. ಮೂರನೆಯ ಮಹಡಿಯ ಮನೆಯನ್ನು ಮೂಲ ಬಾಡಿಗೆದಾರರು ಬೇರೆಯವರಿಗೆ ಕೊಟ್ಟಿದ್ದಾರೆ. ಒಬ್ಬರ ಬಾಡಿಗೆ ಯಾವುದೋ ದಾಕ್ಷಿಣ್ಯಕ್ಕೆ ವರ್ಷಗಳಿಂದ ಏರಿಲ್ಲ. ಇನ್ನೊಬ್ಬರು ಠೇವಣಿಯಲ್ಲಿ ಹಿಡಿದುಕೊಳ್ಳಿ ಎಂದು ಎರಡು ತಿಂಗಳ ಬಾಡಿಗೆ ಕೊಟ್ಟಿಲ್ಲ. ಇವೆಲ್ಲವನ್ನೂ ಮಾರಾಟಕ್ಕಿಡುವ ಮೊದಲೇ ಸರಿಪಡಿಸಿಕೊಳ್ಳಬೇಕು. ಬಾಯಿಮಾತಿನ ಬಾಡಿಗೆಗೆ ಕರಾರು ಬರೆಸಿ. ಮುಗಿಯಲಿರುವ ಕರಾರುಗಳನ್ನು ನವೀಕರಿಸಬೇಕೇ ಎಂಬುದನ್ನು ಮಾತ್ರ ಯೋಚಿಸಿ ನಿರ್ಧರಿಸಿ. ಸ್ಥಿರ ಆದಾಯ ಬಯಸುವ ಹೂಡಿಕೆದಾರರಿಗೆ ದೀರ್ಘ ಕರಾರುಗಳೇ ಆಕರ್ಷಣೆ. ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಉದ್ದೇಶದವರಿಗೆ ಅದೇ ದೀರ್ಘ ಕರಾರು ಕುತ್ತಿಗೆಗೆ ಕಟ್ಟಿದ ಗುಂಡು. ನಿಮ್ಮ ಕಟ್ಟಡವನ್ನು ಯಾರು ಕೊಳ್ಳುವ ಸಾಧ್ಯತೆ ಹೆಚ್ಚು ಎಂದು ತಿಳಿಯದೆ ಐದು ವರ್ಷಕ್ಕೆ ಸಹಿ ಹಾಕಬೇಡಿ.

ವಾಣಿಜ್ಯ ಕರಾರುಗಳನ್ನು ಒಂದೊಂದಾಗಿ, ಕೊನೆಯ ಪುಟದವರೆಗೆ ಓದಿ. ಆಸ್ತಿ ಮಾರುವುದಾದರೆ ಮೊದಲು ತನಗೇ ಕೇಳಬೇಕು ಎಂಬ ಷರತ್ತು ಹಾಕಿಸಿಕೊಂಡ ಬಾಡಿಗೆದಾರರು ಇರುತ್ತಾರೆ. ಇದೇ ಕಟ್ಟಡದಲ್ಲಿ ತನ್ನಂಥದೇ ಇನ್ನೊಂದು ವ್ಯಾಪಾರಕ್ಕೆ ಜಾಗ ಕೊಡಕೂಡದು ಎಂದು ಬರೆಸಿಕೊಂಡವರಿರುತ್ತಾರೆ. ಕೆಲವು ದೇಶಗಳಲ್ಲಿ ವಸತಿಯ ಬಾಡಿಗೆದಾರರಿಗೂ ಕಾನೂನೇ ಮೊದಲ ಖರೀದಿಯ ಹಕ್ಕು ಕೊಟ್ಟಿದೆ. ಇಂಥದ್ದು ನೋಂದಣಿಯ ಹಿಂದಿನ ವಾರ ಹೊರಬಿದ್ದರೆ ವ್ಯವಹಾರ ಮುರಿಯುತ್ತದೆ, ಇಲ್ಲವೇ ನ್ಯಾಯಾಲಯದ ಮೆಟ್ಟಿಲೇರುತ್ತದೆ.

ಖರ್ಚಿನ ಲೆಕ್ಕವೂ ಇದರ ಜತೆಗೇ ಬೇಕು. ಕಳೆದ ಮೂರು ವರ್ಷಗಳ ಆಸ್ತಿ ತೆರಿಗೆ, ವಿಮೆ, ದುರಸ್ತಿ, ಕಾವಲು, ಲಿಫ್ಟ್, ಸಾಮಾನ್ಯ ದೀಪ, ನೀರು, ಕಸ, ನಿರ್ವಹಣೆ. ನೀವೇ ನಿಂತು ನೋಡಿಕೊಳ್ಳುತ್ತಿದ್ದರೆ ನಿರ್ವಹಣೆಯ ಕಡೆ ಸೊನ್ನೆ ಬರೆಯಬೇಡಿ. ಕೊಳ್ಳುವವರು ಅದಕ್ಕೆ ಯಾರನ್ನಾದರೂ ನೇಮಿಸಲೇಬೇಕಲ್ಲ, ಅವರು ಹೇಗೂ ಆ ಖರ್ಚನ್ನು ಸೇರಿಸುತ್ತಾರೆ. ನೀವೇ ಸೇರಿಸಿದ್ದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಬರುತ್ತದೆ. ಸಾಲದ ಕಂತನ್ನು ಮಾತ್ರ ಇದರಲ್ಲಿ ಬೆರೆಸಬಾರದು, ಅದು ನಿಮ್ಮ ಸಾಲವೇ ಹೊರತು ಕಟ್ಟಡದ ಖರ್ಚಲ್ಲ.

3. ನಕ್ಷೆಯಲ್ಲಿರುವುದು, ನೆಲದ ಮೇಲಿರುವುದು

ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು, ಒಬ್ಬ ಎಂಜಿನಿಯರನ್ನು ಜತೆಗೆ ಕರೆದುಕೊಂಡು, ಮಾಳಿಗೆಯಿಂದ ನೆಲಮಾಳಿಗೆಯವರೆಗೆ ನಡೆಯಿರಿ. ನಮ್ಮ ಕುಟುಂಬದ ಕಟ್ಟಡವನ್ನು ಮಾರುವಾಗ ನಾವು ಹೀಗೆ ನಡೆಯಲಿಲ್ಲ. ಹಿಂಭಾಗದ ಮೆಟ್ಟಿಲಿನ ಕೆಳಗೆ ಒಂದು ಅಂಗಡಿಯವರು ಹಲಗೆ ಹೊಡೆದು ದಾಸ್ತಾನು ಇಡುತ್ತಿದ್ದರು. ವರ್ಷಗಳಿಂದ ನೋಡುತ್ತಿದ್ದರಿಂದ ಅದು ನಮ್ಮ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು. ಕೊಳ್ಳುವವರ ಎಂಜಿನಿಯರ್ ಬಂದು ಐದೇ ನಿಮಿಷದಲ್ಲಿ ಅದನ್ನು ತೋರಿಸಿದರು: ಮೇಲಿನ ಮನೆಗಳವರೆಲ್ಲ ಬೆಂಕಿ ಬಿದ್ದಾಗ ಓಡಿಬರಬೇಕಾದ ದಾರಿ ಅದು. ಅಲ್ಲಿಂದ ಮುಂದೆ ಮಾತುಕತೆ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಹಲಗೆ ತೆಗೆಸುವುದು ಒಂದು ದಿನದ ಕೆಲಸವಾಗಿತ್ತು. ಬೆಲೆಗಿಂತ ಹೆಚ್ಚಾಗಿ, ಮಕ್ಕಳಿರುವ ಮನೆಗಳ ದಾರಿಯನ್ನು ಅಷ್ಟು ಕಾಲ ಹಾಗೆ ಬಿಟ್ಟಿದ್ದೆವಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮಿಶ್ರ ಕಟ್ಟಡಗಳಲ್ಲಿ ಪದೇ ಪದೇ ಕಾಣುವ ತೊಡಕು ಬಳಕೆಯದು. ವಸತಿಗೆಂದು ಅನುಮತಿ ಪಡೆದ ಮನೆಯಲ್ಲಿ ಕ್ಲಿನಿಕ್ ನಡೆಯುತ್ತಿರುತ್ತದೆ, ವಾಹನ ನಿಲುಗಡೆಯ ಜಾಗ ಗೋದಾಮಾಗಿರುತ್ತದೆ. ಅನುಮತಿಯಿಲ್ಲದ ಬಳಕೆಯಿಂದ ಬರುವ ಬಾಡಿಗೆಯನ್ನು ಜಾಣ ಖರೀದಿದಾರರು ಆದಾಯವೆಂದು ಒಪ್ಪುವುದಿಲ್ಲ, ಅವರಿಗೆ ಸಾಲ ಕೊಡುವವರಂತೂ ಒಪ್ಪುವುದೇ ಇಲ್ಲ. ಸಕ್ರಮ ಮಾಡಿಸಿಕೊಳ್ಳಲು ದಾರಿಯಿದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಬಳಕೆಗೇ ಮರಳಿಸಿ.

ಎರಡನೆಯದು ಮೀಟರುಗಳು. ಮಳಿಗೆಗೂ ಮನೆಗೂ ಒಂದೇ ನೀರಿನ ಸಂಪರ್ಕವಿದ್ದರೆ ಹಂಚಿಕೆಯ ಜಗಳ ಎಂದಿಗೂ ಮುಗಿಯದು. ಬೇರೆ ಬೇರೆ ಮೀಟರ್ ಹಾಕಿಸುವ ಖರ್ಚು ಮಾರಾಟದಲ್ಲಿ ಮರಳಿ ಬರುತ್ತದೆ ಎಂಬುದು ನನ್ನ ಅನುಭವ. ಸುಣ್ಣಬಣ್ಣಕ್ಕೆ ಸುರಿದ ಹಣದ ಬಗ್ಗೆ ಹಾಗೆ ಹೇಳಲಾರೆ. ಲಿಫ್ಟ್, ಅಗ್ನಿಶಾಮಕ ವ್ಯವಸ್ಥೆ, ವಿದ್ಯುತ್ ಸುರಕ್ಷತೆಯ ಪ್ರಮಾಣಪತ್ರಗಳ ಅವಧಿಯನ್ನೂ ನೋಡಿಕೊಳ್ಳಿ.

ನೆಲದ ಅಡಿಯನ್ನೂ ಮರೆಯಬಾರದು. ಹಿಂದೆಂದೋ ಆ ಮಳಿಗೆಗಳಲ್ಲಿ ಡ್ರೈಕ್ಲೀನಿಂಗ್, ಮುದ್ರಣಾಲಯ, ವಾಹನ ದುರಸ್ತಿ ಅಥವಾ ಇಂಧನ ಮಾರಾಟ ನಡೆದಿದ್ದರೆ ಮಣ್ಣಿನಲ್ಲಿ ದ್ರಾವಕವೋ ಎಣ್ಣೆಯೋ ಇಳಿದಿರಬಹುದು. ದೊಡ್ಡ ಖರೀದಿದಾರರು ಮತ್ತು ಬ್ಯಾಂಕುಗಳು ಇದನ್ನು ಕೇಳಿಯೇ ಕೇಳುತ್ತವೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಕಟ್ಟಡವಾದರೆ ಚಾವಣಿಯ ಹಾಳೆ, ಕೊಳವೆಗಳ ಹೊದಿಕೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆಯೇ ಎಂಬ ಪ್ರಶ್ನೆಯೂ ಬರುತ್ತದೆ.

4. ಬೆಲೆ ಕಟ್ಟುವ ಲೆಕ್ಕ

ಆದಾಯ ತರುವ ಕಟ್ಟಡಕ್ಕೆ ಬೆಲೆ ಕಟ್ಟುವ ಮೂಲ ಸೂತ್ರ ಸರಳ. ವರ್ಷದ ನಿವ್ವಳ ಆದಾಯವನ್ನು, ಖರೀದಿದಾರರು ಅಂಥ ಆಸ್ತಿಯಿಂದ ನಿರೀಕ್ಷಿಸುವ ಆದಾಯದ ದರದಿಂದ ಭಾಗಿಸುವುದು. ನಿವ್ವಳ ಆದಾಯ 100 ಇದ್ದು ದರ ಶೇ 10 ಆದರೆ ಬೆಲೆ 1,000. ದರ ಶೇ 8 ಆದರೆ ಅದೇ ಕಟ್ಟಡಕ್ಕೆ 1,250. ಇದರಲ್ಲೇ ಇನ್ನೊಂದು ಪಾಠವಿದೆ. ಶೇ 10ರ ದರದಲ್ಲಿ, ವರ್ಷಕ್ಕೆ 1 ರೂಪಾಯಿ ಸೋರಿಕೆ ನಿಲ್ಲಿಸಿದರೆ ಬೆಲೆಯಲ್ಲಿ 10 ರೂಪಾಯಿ ಏರುತ್ತದೆ. ಮಾರಾಟಕ್ಕೆ ಒಂದು ವರ್ಷ ಮುಂಚೆ ತಯಾರಾಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಿಶ್ರ ಕಟ್ಟಡದಲ್ಲಿ ಎಡವುವುದು ಇಡೀ ಆದಾಯಕ್ಕೆ ಒಂದೇ ದರ ಹಚ್ಚಿದಾಗ. ಬಹಳಷ್ಟು ಮಾರುಕಟ್ಟೆಗಳಲ್ಲಿ ಅಂಗಡಿಗಳಿಂದ ಹೆಚ್ಚಿನ ದರವನ್ನೂ ಮನೆಗಳಿಂದ ಕಡಿಮೆ ದರವನ್ನೂ ನಿರೀಕ್ಷಿಸುತ್ತಾರೆ. ಅಂಗಡಿ ಖಾಲಿಯಾದರೆ ತುಂಬಲು ತಿಂಗಳುಗಟ್ಟಲೆ ಬೇಕಾಗಬಹುದು, ಮನೆ ಬೇಗ ತುಂಬುತ್ತದೆ ಎಂಬ ಅಂದಾಜು ಇದರ ಹಿಂದಿದೆ. ಒಂದು ಉದಾಹರಣೆ ನೋಡೋಣ. ಒಟ್ಟು ಬಾಡಿಗೆ ವರ್ಷಕ್ಕೆ 100. ಖಾಲಿ ಬೀಳುವ ತಿಂಗಳುಗಳಿಗೆಂದು 5 ಕಳೆಯಿರಿ, ಖರ್ಚಿಗೆ 25 ಕಳೆಯಿರಿ. ಉಳಿದದ್ದು 70. ಇದರಲ್ಲಿ ಮಳಿಗೆಗಳ ಪಾಲು 45, ಮನೆಗಳ ಪಾಲು 25 ಎಂದಿಟ್ಟುಕೊಳ್ಳಿ. ಮಳಿಗೆಗಳಿಗೆ ಶೇ 9ರ ದರ ಹಿಡಿದರೆ 500. ಮನೆಗಳಿಗೆ ಶೇ 5ರ ದರ ಹಿಡಿದರೆ ಅದೂ 500. ಒಟ್ಟು 1,000. ಈಗ ವಾಣಿಜ್ಯ ಆಸ್ತಿಗಳನ್ನಷ್ಟೇ ಕೊಂಡು ಅಭ್ಯಾಸವಿರುವ ಒಬ್ಬರು ಬಂದು ಪೂರ್ತಿ 70ಕ್ಕೂ ಶೇ 9 ಹಚ್ಚಿದರೆ ಬೆಲೆ ಸುಮಾರು 778ಕ್ಕೆ ಇಳಿಯುತ್ತದೆ. ಕಟ್ಟಡ ಅದೇ, ಬಾಡಿಗೆ ಅದೇ, ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹಣ ಮಾಯ. ಈ ದರಗಳು ಉದಾಹರಣೆಗಷ್ಟೇ. ನಿಮ್ಮ ಊರಿನ ದರಗಳನ್ನು ಇತ್ತೀಚಿನ ಮಾರಾಟಗಳಿಂದ ತಿಳಿದುಕೊಳ್ಳಬೇಕು. ಆದರೆ ಆದಾಯ ಮತ್ತು ಖರ್ಚನ್ನು ಮಳಿಗೆಗೆ ಬೇರೆ, ಮನೆಗೆ ಬೇರೆ ಎಂದು ವಿಂಗಡಿಸಿ ತೋರಿಸುವ ಹಾಳೆಯನ್ನು ನೀವೇ ಮುಂದಿಡಬೇಕು. ಹಾಗೆ ಮಾಡದಿದ್ದರೆ ತಮಗೆ ಅನುಕೂಲವಾದ ದರವನ್ನು ಅವರೇ ಆರಿಸಿಕೊಳ್ಳುತ್ತಾರೆ.

ಇದರ ಜತೆಗೆ ಇನ್ನೆರಡು ಅಳತೆಗೋಲುಗಳಿಂದಲೂ ನೋಡಿ: ಹತ್ತಿರದ ಹೋಲುವ ಕಟ್ಟಡಗಳು ಎಷ್ಟಕ್ಕೆ ಹೋದವು, ಮತ್ತು ನೆಲವನ್ನು ಖಾಲಿ ಎಂದು ಭಾವಿಸಿದರೆ ಅಲ್ಲಿ ನಿಯಮದ ಪ್ರಕಾರ ಇನ್ನೆಷ್ಟು ಕಟ್ಟಬಹುದು. ಹಳೆಯ ಎರಡು ಮಹಡಿಯ ಕಟ್ಟಡ ಹತ್ತು ಮಹಡಿಗೆ ಅವಕಾಶವಿರುವ ರಸ್ತೆಯಲ್ಲಿದ್ದರೆ ಬಾಡಿಗೆಯ ಲೆಕ್ಕಕ್ಕಿಂತ ನೆಲದ ಬೆಲೆಯೇ ದೊಡ್ಡದಾಗಬಹುದು. ಸ್ವತಂತ್ರ ಮೌಲ್ಯಮಾಪಕರಿಂದ ಒಂದು ವರದಿ ಮಾಡಿಸಿ. ದಲ್ಲಾಳಿ ಹೇಳುವ ಅಂದಾಜು ಅದಕ್ಕೆ ಬದಲಿಯಲ್ಲ.

5. ಇಡಿಯಾಗಿಯೋ ಬಿಡಿಯಾಗಿಯೋ

ಬಿಡಿಬಿಡಿಯಾಗಿ ಮಾರಿದರೆ ಒಟ್ಟು ಮೊತ್ತ ಹೆಚ್ಚು ಬರುವುದುಂಟು. ಆದರೆ ಅದಕ್ಕೆ ಕಾನೂನುಬದ್ಧ ವಿಭಜನೆ, ಮಾಲೀಕರ ಸಂಘ, ಸಾಮಾನ್ಯ ಜಾಗದ ಹಂಚಿಕೆ ಎಲ್ಲವೂ ಬೇಕು. ಒಳ್ಳೆಯ ಮಳಿಗೆಗಳು ಮೊದಲು ಹೋಗಿ, ಕೊನೆಗೆ ಯಾರಿಗೂ ಬೇಡದ ಹಿಂಬದಿಯ ಕಚೇರಿಯೊಂದು ನಿಮ್ಮ ಹೆಸರಿನಲ್ಲೇ ಉಳಿದುಬಿಡುವ ಅಪಾಯವೂ ಇದೆ. ಕೈಯಲ್ಲಿ ಎರಡು ಮೂರು ವರ್ಷ ಸಮಯವೂ ತಾಳ್ಮೆಯೂ ಇಲ್ಲದಿದ್ದರೆ ಇಡಿಯಾಗಿ ಮಾರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮಳಿಗೆಗಳ ಭಾಗ ಒಬ್ಬರಿಗೆ, ಮನೆಗಳ ಭಾಗ ಇನ್ನೊಬ್ಬರಿಗೆ ಎಂಬ ನಡುವಿನ ದಾರಿಯೂ ಇದೆ. ಚಾವಣಿ, ಮೆಟ್ಟಿಲು, ನೀರಿನ ತೊಟ್ಟಿ ಯಾರ ಹೊಣೆ ಎಂದು ಮೊದಲೇ ಬರೆದಿಟ್ಟಿದ್ದರೆ ಮಾತ್ರ ಅದು ನಡೆಯುತ್ತದೆ.

6. ತೆರಿಗೆಯ ಮಾತು ಸಹಿಗೆ ಮುಂಚೆ

ಲೆಕ್ಕಪರಿಶೋಧಕರ ಬಳಿಗೆ ಮಾರಾಟವಾದ ಮೇಲೆ ಹೋಗುವವರೇ ಹೆಚ್ಚು. ಆಗ ಅವರು ಮಾಡಬಹುದಾದ್ದು ಬಹಳ ಕಡಿಮೆ. ವಸತಿ ಭಾಗಕ್ಕೂ ವಾಣಿಜ್ಯ ಭಾಗಕ್ಕೂ ತೆರಿಗೆಯ ನಿಯಮ ಬೇರೆ ಬೇರೆ ಇರುವ ದೇಶಗಳು ಹಲವು. ಹೀಗಾಗಿ ಒಟ್ಟು ಬೆಲೆಯನ್ನು ಈ ಎರಡಕ್ಕೂ, ನೆಲಕ್ಕೂ ಕಟ್ಟಡಕ್ಕೂ ಹೇಗೆ ಹಂಚಿ ಬರೆಯುತ್ತೀರಿ ಎಂಬುದರಿಂದ ಕೈಗೆ ಉಳಿಯುವ ಹಣ ಬದಲಾಗುತ್ತದೆ. ಆ ಹಂಚಿಕೆಗೆ ಮೌಲ್ಯಮಾಪನ ವರದಿಯ ಆಧಾರವಿರಬೇಕು, ಮನಸ್ಸಿಗೆ ಬಂದಂತೆ ಬರೆಯುವಂತಿಲ್ಲ. ಇಷ್ಟು ವರ್ಷ ಸವಕಳಿಯನ್ನು, ಅಂದರೆ ಕಟ್ಟಡ ಹಳೆಯದಾದಂತೆ ಇಳಿಯುವ ಮೌಲ್ಯವನ್ನು, ಲೆಕ್ಕದಲ್ಲಿ ಕಳೆಯುತ್ತ ಬಂದಿದ್ದರೆ ತೆರಿಗೆ ಬೀಳುವ ಲಾಭ ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದಿರಬಹುದು.

7. ಯಾರಿಗೆ ಹೇಳುವುದು, ಹೇಗೆ ಹೇಳುವುದು

ಮನೆಗಳನ್ನು ಮಾರಿಸುವ ದಲ್ಲಾಳಿಗೆ ಈ ಕೆಲಸ ಒಪ್ಪಿಸಬೇಡಿ. ಬಾಡಿಗೆ ಬರುವ ಇಡೀ ಕಟ್ಟಡಗಳನ್ನು ಮಾರಿಸಿದವರನ್ನೇ ಹುಡುಕಿ, ಕಳೆದ ಕೆಲವು ವರ್ಷಗಳಲ್ಲಿ ಅವರು ಮುಗಿಸಿದ ವ್ಯವಹಾರಗಳ ವಿವರ ಕೇಳಿ. ಒಪ್ಪಂದದಲ್ಲಿ ಅವಧಿ, ದಲ್ಲಾಳಿ ಹಣದ ಪ್ರಮಾಣ, ಅದು ಯಾವಾಗ ಸಲ್ಲಬೇಕು ಎಂಬುದು ಬರಹದಲ್ಲಿರಲಿ. ಹಣ ನಿಮ್ಮ ಕೈ ಸೇರಿದ ದಿನವೇ ಅದೂ ಸಲ್ಲುವಂತಿರಬೇಕು. ಮುಂಗಡ ಕರಾರಿನ ದಿನವಲ್ಲ.

ವಿವರಗಳನ್ನು ಎರಡು ಕಂತಿನಲ್ಲಿ ಕೊಡಿ. ಮೊದಲಿಗೆ ಬಾಡಿಗೆದಾರರ ಹೆಸರಿಲ್ಲದ ಎರಡು ಮೂರು ಪುಟಗಳ ಪರಿಚಯ. ಗೋಪ್ಯತೆಯ ಕರಾರಿಗೆ ಸಹಿ ಹಾಕಿ, ಹಣದ ಮೂಲ ತೋರಿಸಿದವರಿಗೆ ಮಾತ್ರ ಪೂರ್ತಿ ಕಡತ. ಬಾಡಿಗೆದಾರರ ಖಾಸಗಿ ವಿವರಗಳು ಎಲ್ಲರ ಮೊಬೈಲಿನಲ್ಲಿ ಓಡಾಡಬಾರದು.

ಇನ್ನು ಬಾಡಿಗೆದಾರರಿಗೆ ಹೇಳುವ ಮಾತು. ಬಚ್ಚಿಟ್ಟರೆ ಸುದ್ದಿ ಹೇಗೂ ಸೋರುತ್ತದೆ, ಸೋರಿದ ಸುದ್ದಿಗೆ ಬಾಲ ಬೆಳೆದಿರುತ್ತದೆ. ಎಲ್ಲರನ್ನೂ ಖಾಲಿ ಮಾಡಿಸುತ್ತಾರಂತೆ ಎಂದು ಕೇಳಿದ ಒಳ್ಳೆಯ ಅಂಗಡಿಯವರು ಬೇರೆ ಜಾಗ ನೋಡತೊಡಗುತ್ತಾರೆ, ಮಕ್ಕಳ ಶಾಲೆಯ ಚಿಂತೆಯಲ್ಲಿ ಮನೆಗಳವರು ನಿದ್ದೆಗೆಡುತ್ತಾರೆ. ಖರೀದಿದಾರರು ಕಟ್ಟಡ ನೋಡಲು ಬರುವ ಮೊದಲೇ ನೀವೇ ಹೋಗಿ ಹೇಳಿ: ಮಾರುತ್ತಿದ್ದೇವೆ, ನಿಮ್ಮ ಕರಾರು ಇರುವಷ್ಟು ದಿನ ಅದು ಹೊಸ ಮಾಲೀಕರಿಗೂ ಅನ್ವಯಿಸುತ್ತದೆ, ನಿಮ್ಮ ಠೇವಣಿ ಕಳೆದುಹೋಗುವುದಿಲ್ಲ. ಇದು ನಿಮ್ಮಲ್ಲಿ ಕಾನೂನಿನ ಪ್ರಕಾರ ಸರಿಯೇ ಎಂದು ವಕೀಲರನ್ನು ಕೇಳಿಕೊಂಡೇ ಹೇಳಿ, ಸುಳ್ಳು ಭರವಸೆ ಬೇಡ. ವರ್ಷಗಟ್ಟಲೆ ಬಾಡಿಗೆ ಕೊಟ್ಟವರಿಗೆ ಇಷ್ಟು ಮಾತು ಸಲ್ಲಬೇಕು.

8. ಬೆಲೆ ಬಂದ ಮೇಲೆ

ಅತಿ ಹೆಚ್ಚು ಬೆಲೆ ಹೇಳಿದವರೇ ಅತ್ಯುತ್ತಮ ಖರೀದಿದಾರರಲ್ಲ. ಹಣ ಎಲ್ಲಿಂದ ಬರುತ್ತದೆ, ಸಾಲ ಎಷ್ಟು, ಷರತ್ತುಗಳೇನು, ಎಷ್ಟು ದಿನ ಕೇಳುತ್ತಾರೆ, ಹಿಂದೆ ಇಂಥದ್ದನ್ನು ಕೊಂಡಿದ್ದಾರೆಯೇ ಎಂಬುದನ್ನೆಲ್ಲ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡಿ. ಮಿಶ್ರ ಕಟ್ಟಡಕ್ಕೆ ಸಾಲ ಕೊಡುವಾಗ ವಾಣಿಜ್ಯ ಭಾಗ ಎಷ್ಟು ಎಂಬುದರ ಮೇಲೆ ಬ್ಯಾಂಕುಗಳು ಬೇರೆ ಬೇರೆ ನಿಯಮ ಹಾಕುತ್ತವೆ. ಮನೆಯ ಸಾಲದ ಲೆಕ್ಕದಲ್ಲಿ ಬಂದವರು ಎರಡು ತಿಂಗಳು ಕಾಯಿಸಿ ಕೈ ಚೆಲ್ಲುವುದು ಸಾಮಾನ್ಯ.

ಪರಿಶೀಲನೆಗೆ ಗಡುವು ಇರಬೇಕು. ಗಡುವು ಮುಗಿದ ಮೇಲೆ ಮುಂಗಡದ ಹಣ ಹಿಂತಿರುಗುವುದಿಲ್ಲ ಎಂದೂ ಬರೆದಿರಬೇಕು. ಅದಿಲ್ಲದಿದ್ದರೆ ನೀವು ಬೇರೆ ಖರೀದಿದಾರರನ್ನೆಲ್ಲ ಕಳಿಸಿಬಿಟ್ಟ ಹೊತ್ತಿಗೆ ಸರಿಯಾಗಿ ಒಂದು ಪತ್ರ ಬರುತ್ತದೆ: ಚಾವಣಿ ಸೋರುತ್ತಿದೆ, ಬೆಲೆ ಇಳಿಸಿ. ಇದಕ್ಕೆ ಮದ್ದು ಒಂದೇ. ಚಾವಣಿ ಸೋರುವುದನ್ನು ನೀವೇ ಮೊದಲ ದಿನ ಹೇಳಿ, ದುರಸ್ತಿಯ ಅಂದಾಜುಪಟ್ಟಿಯನ್ನೂ ಕಡತದಲ್ಲಿಟ್ಟು, ಆ ಖರ್ಚನ್ನು ಕಳೆದೇ ಬೆಲೆ ಹೇಳಿದ್ದೇವೆ ಎಂದು ಬರೆದುಕೊಡಿ. ಎರಡನೆಯ ಸ್ಥಾನದಲ್ಲಿದ್ದ ಖರೀದಿದಾರರೊಂದಿಗೂ ಸೌಜನ್ಯದ ಸಂಪರ್ಕ ಉಳಿಸಿಕೊಳ್ಳಿ.

ಈ ಹಂತದಲ್ಲಿ ಪ್ರತಿ ವಾಣಿಜ್ಯ ಬಾಡಿಗೆದಾರರಿಂದ ಒಂದು ಪುಟದ ದೃಢೀಕರಣ ಪತ್ರ ಕೇಳುತ್ತಾರೆ: ಬಾಡಿಗೆ ಇಷ್ಟು, ಠೇವಣಿ ಇಷ್ಟು, ಕರಾರು ಇಲ್ಲಿಯವರೆಗೆ, ಮಾಲೀಕರ ಮೇಲೆ ಯಾವ ತಕರಾರೂ ಇಲ್ಲ ಎಂದು. ನೀವು ಕೊಟ್ಟ ಬಾಡಿಗೆ ಪಟ್ಟಿಗೂ ಈ ಪತ್ರಗಳಿಗೂ ಒಂದು ಅಂಕಿಯ ವ್ಯತ್ಯಾಸ ಬಂದರೂ ಪ್ರಶ್ನೆಗಳ ಸುರಿಮಳೆ. ಬಾಡಿಗೆ ಪಟ್ಟಿಗೆ ಪಟ್ಟ ಶ್ರಮ ಇಲ್ಲಿ ಫಲ ಕೊಡುತ್ತದೆ.

9. ಕೊನೆಯ ದಿನದ ಲೆಕ್ಕ

ನೋಂದಣಿ ತಿಂಗಳ ನಡುವೆ ಬಿದ್ದರೆ ಆ ತಿಂಗಳ ಬಾಡಿಗೆಯನ್ನೂ ತೆರಿಗೆಯನ್ನೂ ದಿನಗಳ ಲೆಕ್ಕದಲ್ಲಿ ಹಂಚಬೇಕು. 30 ದಿನಗಳ ತಿಂಗಳಲ್ಲಿ 20ರಂದು ನೋಂದಣಿಯಾದರೆ, ಆ 20ನೆಯ ದಿನ ಯಾರದು ಎಂಬುದನ್ನೂ ಕರಾರಿನಲ್ಲಿ ಬರೆಯಿರಿ. ಮೂವತ್ತು ಬಾಡಿಗೆದಾರರಿರುವಲ್ಲಿ ಒಂದು ದಿನದ ಬಾಡಿಗೆ ಚಿಲ್ಲರೆ ಮೊತ್ತವಲ್ಲ. ಠೇವಣಿಗಳು ನಿಮ್ಮ ಹಣವಲ್ಲ. ಅವು ಹೊಸ ಮಾಲೀಕರಿಗೆ ಹೋಗಬೇಕು, ಸಾಮಾನ್ಯವಾಗಿ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಎಷ್ಟೋ ಮಾಲೀಕರು ಠೇವಣಿಯನ್ನು ಎಂದೋ ಖರ್ಚು ಮಾಡಿ, ಕೊನೆಯ ದಿನ ಕೈಗೆ ಬಂದ ಮೊತ್ತ ನೋಡಿ ಬೆಚ್ಚುತ್ತಾರೆ. ಹಳೆಯ ಬಾಕಿಯನ್ನು ಮುಂದೆ ಯಾರು ವಸೂಲಿ ಮಾಡುತ್ತಾರೆ, ಬಂದ ಹಣ ಮೊದಲು ಹೊಸ ತಿಂಗಳಿಗೆ ಜಮೆಯೋ ಹಳೆಯದಕ್ಕೋ ಎಂಬುದನ್ನೂ ನಿರ್ಧರಿಸಿಕೊಳ್ಳಿ.

ಹಣ ವರ್ಗಾವಣೆಯ ವಿವರವನ್ನು ಇಮೇಲಿನಲ್ಲಿ ಬಂದಂತೆಯೇ ನಂಬಬೇಡಿ. ವಕೀಲರ ಹೆಸರಿನಲ್ಲಿ ಸುಳ್ಳು ಇಮೇಲ್ ಕಳಿಸಿ, ಕೊನೆಯ ಗಳಿಗೆಯಲ್ಲಿ ಖಾತೆ ಸಂಖ್ಯೆ ಬದಲಾಗಿದೆ ಎಂದು ನಂಬಿಸುವ ವಂಚನೆ ಆಸ್ತಿ ವ್ಯವಹಾರಗಳಲ್ಲಿ ಜಗತ್ತಿನ ಎಲ್ಲೆಡೆ ನಡೆಯುತ್ತಿದೆ. ಕೊಳ್ಳುವವರಿಗೂ ಇದನ್ನು ಮುಂಚೆಯೇ ತಿಳಿಸಿ. ನಿಮಗೆ ಮೊದಲಿನಿಂದ ಗೊತ್ತಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಪ್ರತಿ ಅಂಕಿಯನ್ನೂ ಓದಿಸಿ ಕೇಳಿ.

ನೋಂದಣಿಯಾದ ದಿನವೇ ಪ್ರತಿ ಬಾಡಿಗೆದಾರರಿಗೂ ಒಂದು ಪತ್ರ ತಲುಪಬೇಕು, ಹಳೆಯ ಮತ್ತು ಹೊಸ ಮಾಲೀಕರಿಬ್ಬರ ಸಹಿಯೊಂದಿಗೆ. ಇನ್ನು ಮುಂದೆ ಬಾಡಿಗೆ ಯಾರಿಗೆ, ದುರಸ್ತಿಗೆ ಯಾರನ್ನು ಕರೆಯಬೇಕು, ನಿಮ್ಮ ಠೇವಣಿ ಇಷ್ಟು, ಅದು ಹೊಸ ಮಾಲೀಕರ ಬಳಿ ಇದೆ ಎಂಬ ವಿವರ ಅದರಲ್ಲಿರಲಿ. ಕರಾರುಗಳ ಮೂಲ ಪ್ರತಿಗಳು, ಲಿಫ್ಟಿನ ಕಡತ, ಮೀಟರುಗಳ ಅಂದಿನ ಅಂಕಿ, ಬೀಗದ ಕೈಗಳ ಗೊಂಚಲು ಇವನ್ನೆಲ್ಲ ಪಟ್ಟಿ ಮಾಡಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ವಿದ್ಯುತ್, ನೀರು, ವಿಮೆಯನ್ನು ನಿಮ್ಮ ಹೆಸರಿನಿಂದ ತೆಗೆಸಿ. ವಿಮೆಯನ್ನು ಮಾತ್ರ ಹಣ ಖಾತೆಗೆ ಬಂದದ್ದು ಖಚಿತವಾಗಿ, ಹಕ್ಕು ವರ್ಗಾವಣೆ ಪೂರ್ಣವಾದ ಮೇಲಷ್ಟೇ ನಿಲ್ಲಿಸಿ. ಲೆಕ್ಕದ ಪುಸ್ತಕಗಳ ಒಂದು ಪ್ರತಿ ನಿಮ್ಮಲ್ಲಿರಲಿ, ತೆರಿಗೆ ಇಲಾಖೆಯ ಪ್ರಶ್ನೆ ಕೆಲವು ವರ್ಷಗಳ ನಂತರವೂ ಬರಬಹುದು.